ಬಿಲ್ಲಿಲ್ಲ, ಬಾಣವಿಲ್ಲ

ಪುಸ್ತಕದ ಪೆಟ್ಟಿಗೆಯ ತಳದಲ್ಲಿ ಕೈಗೆ ತಾಗಿದ್ದು ಒಂದು ಕಾಗದದ ಲಕೋಟೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಚೌಕಾಕಾರ, ಕೈಯಲ್ಲೇ ಮಡಚಿ ಮಾಡಿದ್ದು. ಬಾಯಿಗೆ ಗೋಂದು ಹಚ್ಚಿ ಮುಚ್ಚಿತ್ತು. ಒತ್ತಿ ನೋಡಿದರೆ ಒಳಗೆ ಒಂದು ಸಿ.ಡಿ. ಇರುವುದು ಬೆರಳಿಗೆ ತಿಳಿಯುತ್ತಿತ್ತು. ಮೇಲೆ ನೀಲಿ ಮಾರ್ಕರಿನಲ್ಲಿ, ದುಂಡನೆಯ ಕನ್ನಡ ಅಕ್ಷರಗಳಲ್ಲಿ ಎರಡೇ ಮಾತು: ‘ಬಿಲ್ಲಿಲ್ಲ, ಬಾಣವಿಲ್ಲ.’

ನಾನು ಹುಡುಕುತ್ತಿದ್ದುದು ಅದನ್ನಲ್ಲ. ಆ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದಾಗ ಪರದೆಯ ಮೇಲುಗಡೆ ಒಂದು ಹಳದಿ ಪಟ್ಟಿ ಬಂದಿತ್ತು. ಆಫೀಸ್ ತಂತ್ರಾಂಶದ ಚಂದಾ ಮುಗಿದಿದೆ. ಇನ್ನು ನಿಮ್ಮ ಕಡತಗಳನ್ನು ನೀವು ಓದಬಹುದು, ತಿದ್ದುವಂತಿಲ್ಲ. ಇಷ್ಟು ವರ್ಷ ಕಾಲೇಜು ಅದರ ಖರ್ಚು ನೋಡಿಕೊಳ್ಳುತ್ತಿತ್ತು. ಈ ವರ್ಷದಿಂದ ಎಲ್ಲರೂ ಉಚಿತ ತಂತ್ರಾಂಶಕ್ಕೆ ಬದಲಾಗಬೇಕೆಂದು ಸುತ್ತೋಲೆ ಬಂದಿತ್ತಂತೆ, ನಾನು ಓದಿರಲಿಲ್ಲ. ನನ್ನ ಹಳೆಯ ಪಿಎಚ್.ಡಿ. ಪ್ರಬಂಧವನ್ನು ಪುಸ್ತಕ ಮಾಡುವ ಕೆಲಸ ಅರ್ಧಕ್ಕೆ ಬಂದಿತ್ತು. ಹಳದಿ ಪಟ್ಟಿಯ ಕೆಳಗೆ ನಾನೇ ಬರೆದ ಅಕ್ಷರಗಳು ಕಾಣುತ್ತಿದ್ದವು, ಮುಟ್ಟಿದರೆ ಅಲುಗುತ್ತಿರಲಿಲ್ಲ. ಮುದ್ರಿತ ಪ್ರತಿಯಾದರೂ ಕೈಗೆ ಸಿಗಲಿ ಎಂದು ಪೆಟ್ಟಿಗೆಗಳನ್ನು ಕೆಳಗಿಳಿಸಿದೆ. ಸಿಕ್ಕಿದ್ದು ಈ ಲಕೋಟೆ.

ಅಕ್ಷರ ನೋಡಿದ ಕೂಡಲೇ ಗುರುತು ಸಿಕ್ಕಿತು. ಅದು ಅಕ್ಕೋರ ಕೈಬರಹ.

ನಾನು ಇತಿಹಾಸ ಓದಿದವನು. ನೆನಪನ್ನು ನಂಬಬೇಡಿ, ದಾಖಲೆ ಕೇಳಿ ಎಂದು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತೇನೆ. ಕಡತವನ್ನು ತೆರೆದು ಉಳಿಸಿದಾಗಲೆಲ್ಲ ಅದರ ತಾರೀಖು ಬದಲಾಗುವ ಹಾಗೆ, ನೆನಪನ್ನೂ ತೆರೆದಾಗಲೆಲ್ಲ ಏನೋ ಒಂದು ತಿದ್ದಿ ಮುಚ್ಚುತ್ತೇವೆ. ಇದನ್ನು ಬರೆಯುವಾಗಲೂ ಆ ಅನುಮಾನ ಬಿಟ್ಟಿಲ್ಲ. ಕೆಲವು ಸಂಗತಿಗಳನ್ನು ಖಚಿತವಾಗಿ ಹೇಳಬಲ್ಲೆ, ಕೆಲವನ್ನು ಇಲ್ಲ. ಯಾವುದು ಯಾವುದೆಂದು ಹೇಳುತ್ತಾ ಹೋಗುತ್ತೇನೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಅಪ್ಪನಿಗೆ ಬ್ಯಾಂಕಿನ ಕೆಲಸದಲ್ಲಿ ತುಮಕೂರಿನಿಂದ ವಡೋದರಕ್ಕೆ ವರ್ಗವಾಗಿ, ನಾನು ಅಲ್ಲೇ ಎಂ.ಎ. ಮಾಡಿ, ಅವರಿಗೆ ಮತ್ತೆ ಬೇರೆ ಊರಿಗೆ ವರ್ಗವಾದಾಗ ಹಾಸ್ಟೆಲಿನಲ್ಲಿ ಉಳಿದಿದ್ದೆ. ಸೂರತ್‌ನ ಹಳೆಯ ವ್ಯಾಪಾರಿಗಳ ಪತ್ರಗಳ ಮೇಲೆ ಸಂಶೋಧನೆ. ಪತ್ರಗಳು ಸೂರತ್‌ನಲ್ಲಿ, ಗೈಡು ವಡೋದರದಲ್ಲಿ, ಟೈಪು ಮಾಡಲು ಕಂಪ್ಯೂಟರ್ ಎಲ್ಲೂ ಇಲ್ಲ. ಯಾರೋ ಹೇಳಿದರು, ಮಂಜಲ್‌ಪುರದಲ್ಲಿ ನಿಮ್ಮ ಕಡೆಯ ಹೆಂಗಸೊಬ್ಬರು ಟೈಪಿಂಗ್ ಕ್ಲಾಸ್ ನಡೆಸುತ್ತಾರೆ, ಹೋಗಿ ಕೇಳು.

ಒಂದು ಸೊಸೈಟಿಯ, ಅಂದರೆ ವಸತಿ ಸಮುಚ್ಚಯದ, ನೆಲಮಹಡಿ. ಮುಂದಿನ ಕೋಣೆಯಲ್ಲಿ ಆರು ಹಳೆಯ ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಯ ತುಂಬ ಕೈಬರಹದ ಚಾರ್ಟು. ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಅವರ ಯಜಮಾನರು ರೈಲ್ವೆಯಲ್ಲಿದ್ದರು; ಡ್ಯೂಟಿ ಮುಗಿಸಿ ಬಂದರೆ ಚಪ್ಪಲಿ ಕೈಯಲ್ಲಿ ಹಿಡಿದು ವಿದ್ಯಾರ್ಥಿಗಳ ಬೆನ್ನ ಹಿಂದಿನಿಂದ ಸದ್ದಿಲ್ಲದೆ ಒಳಗೆ ಹೋಗುತ್ತಿದ್ದರು. ಬಿಸಿ ಪ್ರಿಂಟರಿನ ವಾಸನೆ, ಒಳಗಿನಿಂದ ಬರುವ ಜೋಳದ ರೊಟ್ಟಿಯ ವಾಸನೆ, ಎರಡೂ ಸೇರಿ ಆ ಕೋಣೆಯದೇ ಒಂದು ವಾಸನೆಯಾಗಿತ್ತು.

ನಾನು ಮೊದಲ ದಿನ "ಮೇಡಂ" ಅಂದೆ.

"ಮೇಡಂ ಅನಬ್ಯಾಡೋ ತಮ್ಮಾ, ಯಾರನ್ನರ ಕರದಂಗ ಆಗ್ತದ. ಇಲ್ಲಿಯವ್ರು ಬೆನ್ ಅಂತಾರ. ನಮ್ಮ ಬಾಗಲಕೋಟಿ ಕಡೆ ಸಾಲಿ ಹುಡುಗ್ರು ಅಕ್ಕೋರು ಅಂತಾವ. ನೀ ಹಂಗ ಅನ್ನು, ಕಿವಿಗೆ ಹಿತ ಆಗ್ತದ."

ಅಂದಿನಿಂದ ಅಕ್ಕೋರು. ನನ್ನ ತುಮಕೂರು ನಾಲಿಗೆಗೆ ಆ ಪದ ಹೊಸದು. ಅವರು ನನ್ನ ಮಾತನ್ನು ಅಣಕಿಸುತ್ತಿದ್ದರು. "‘ಬಂದ್ಬಿಟ್ಟು ಹೋಗ್ಬಿಟ್ಟು’ ಅಂತೀಯಲ್ಲ, ಎಷ್ಟ್ ಬಿಟ್ಟು ಬಿಡ್ತೀಯೋ ಮಾರಾಯಾ!"

ಅವರ ಆರೂ ಕಂಪ್ಯೂಟರಿನಲ್ಲಿ ಇದ್ದುದು ಉಚಿತ ಆಫೀಸ್ ತಂತ್ರಾಂಶ. ಆಗ ಅದರ ಹೆಸರು ಕೇಳಿದವರೇ ಕಡಿಮೆ. ಎಲ್ಲ ಕಡೆಯೂ ದುಬಾರಿ ತಂತ್ರಾಂಶವೇ, ಆದರೆ ದುಡ್ಡು ಕೊಟ್ಟು ತಂದವರನ್ನು ನಾನಂತೂ ಕಂಡಿರಲಿಲ್ಲ. ಸ್ಟೇಷನ್ ಹತ್ತಿರದ ಫುಟ್‌ಪಾತಿನಲ್ಲಿ ನಕಲು ಸಿ.ಡಿ. ಸಿಗುತ್ತಿತ್ತು, ಒಂದು ತಂದರೆ ಇಡೀ ಹಾಸ್ಟೆಲಿಗೆ ಸಾಕು. ಅಕ್ಕೋರಿಗೂ ಕಂಪ್ಯೂಟರ್ ಮಾರಿದವನು ಮೊದಲು ಅದನ್ನೇ ಹಾಕಿಕೊಟ್ಟಿದ್ದನಂತೆ. ಇವರು ಕೂತು, ನಾವೆಲ್ಲ ಓದದೆ ‘ಒಪ್ಪಿಗೆ’ ಎಂದು ಒತ್ತುವ ಪರವಾನಗಿಯನ್ನು ಡಿಕ್ಷನರಿ ಇಟ್ಟುಕೊಂಡು ಕಡೆಯವರೆಗೆ ಓದಿದರಂತೆ. ಓದಿ ಮುಗಿಸಿ ಆರೂ ಯಂತ್ರದಿಂದ ಅದನ್ನು ತೆಗೆಸಿದರಂತೆ. ಪೂರ್ತಿ ಪರವಾನಗಿ ಓದಿದ ಮತ್ತೊಬ್ಬ ಮನುಷ್ಯನನ್ನು ನಾನು ಇದುವರೆಗೆ ನೋಡಿಲ್ಲ.

ಉಚಿತ ತಂತ್ರಾಂಶದ ಪರವಾನಗಿಯನ್ನೂ ಓದಿದರು. ಅದು ಎಷ್ಟು ಹಿಡಿಸಿತೆಂದರೆ, ಅದನ್ನೇ ಕ್ಲಾಸಿನ ಟೈಪಿಂಗ್ ಪಾಠ ಮಾಡಿದರು. ಗುಮಾಸ್ತೆ ಪರೀಕ್ಷೆಗೆ ತಯಾರಾಗುವ ಹುಡುಗಿಯರು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಮಾತನ್ನು ಇಂಗ್ಲಿಷಿನಲ್ಲಿ ಕುಟ್ಟುತ್ತಿದ್ದರು: ಇದನ್ನು ನೀವು ಬಳಸಬಹುದು, ನಕಲು ಮಾಡಬಹುದು, ಬೇರೆಯವರಿಗೆ ಕೊಡಬಹುದು. ತಪ್ಪಾದ ಹಾಳೆಗಳನ್ನು ಅಕ್ಕೋರು ಎಸೆಯುತ್ತಿರಲಿಲ್ಲ. ಮಡಚಿ, ಗೋಂದು ಹಚ್ಚಿ ಸಿ.ಡಿ.ಗೆ ಲಕೋಟೆ ಮಾಡುತ್ತಿದ್ದರು. ಕೋರ್ಸು ಮುಗಿಸಿದ ಪ್ರತಿಯೊಬ್ಬರಿಗೂ ಆ ತಂತ್ರಾಂಶದ ಒಂದು ಸಿ.ಡಿ. ಉಡುಗೊರೆ. ಮೇಲೆ, ಗುಜರಾತಿ ಹುಡುಗಿಯರಿಗೆ ಓದಲು ಬಾರದಿದ್ದರೂ, ಕನ್ನಡದಲ್ಲಿ ಅದೇ ಎರಡು ಮಾತು.

ಅದು ಅವರದೇ ಜೋಕು. ಉಚಿತ ಎಂದರೆ ಜನ ಮೊದಲು ಕೇಳುತ್ತಿದ್ದುದು "ಬಿಲ್ ಎಲ್ಲಿ?" ಎಂದು. ಬಿಲ್ ಇಲ್ಲದ್ದು ಕದ್ದದ್ದೇ ಎಂಬುದು ಊರಿನ ತರ್ಕ. ಅಕ್ಕೋರು ನಗುತ್ತಿದ್ದರು. "ಬಿಲ್ಲೂ ಇಲ್ಲ, ಬಾಣಾನೂ ಇಲ್ಲ. ಬಾಣ ಇಲ್ದ ಮ್ಯಾಲ ಯಾರ್ ಹೊಡೀತಾರ? ಹೆದರಬ್ಯಾಡ, ತಗೊಂಡ್ ಹೋಗು."

ಹಾಗೆಂದು ಜನ ಹೆದರದೆ ಇರುತ್ತಿರಲಿಲ್ಲ. ಒಬ್ಬ ಹುಡುಗಿಯ ತಾಯಿ ಬಾಗಿಲಲ್ಲೇ ನಿಂತು ವಾದಿಸಿದ್ದು ನೆನಪಿದೆ. ಸಂದರ್ಶನದಲ್ಲಿ ‘ಅಸಲಿ’ ತಂತ್ರಾಂಶದ ಬಗ್ಗೆ ಕೇಳಿದರೆ ನನ್ನ ಮಗಳೇನು ಹೇಳಬೇಕು, ಮಫತ್ ಸಿಕ್ಕುವುದರಲ್ಲಿ ಒಳ್ಳೆಯದು ಯಾವುದಿದೆ, ಬೆನ್? ಅಕ್ಕೋರು ಗುಜರಾತಿಯಲ್ಲಿ ಶಾಂತವಾಗಿ ಕೇಳಿದರು: "ಗಾಳಿ ಹ್ಯಾಗಿದೆ, ಬೆನ್?" ಆಮೇಲೆ ಗೋಡೆಯ ಚಾರ್ಟು ತೋರಿಸಿದರು. ಎಡಗಡೆ ದುಬಾರಿ ತಂತ್ರಾಂಶದ ಮೆನು, ಬಲಗಡೆ ಉಚಿತದ್ದು, ನಡುವೆ ಕೆಂಪು ದಾರದಂಥ ಗೆರೆಗಳು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಒಂದ ಮನಿ, ಬಾಗಲಾ ಅಷ್ಟ ಬ್ಯಾರೆ. ಇದನ್ನ ತಿಳಿಸಿ ಹೇಳೂದ್ರಾಗ ನನ್ನ ಜಲ್ಮ ಹೋಗ್ತದ ನೋಡು," ಅಂದರು.

ನಾನು ಅವರಲ್ಲಿಯೇ ಮೂರು ಅಧ್ಯಾಯ ಟೈಪು ಮಾಡಿದೆ. ಮಧ್ಯಾಹ್ನ ಎರಡರಿಂದ ನಾಲ್ಕು, ಎರಡು ಬ್ಯಾಚುಗಳ ನಡುವೆ ಯಂತ್ರಗಳು ಖಾಲಿ ಇರುವ ಹೊತ್ತು. ಅವರು ಒಂದು ದಿನವೂ ಏನೂ ಕೇಳಲಿಲ್ಲ. ಒಂದು ರೊಟ್ಟಿ, ಒಂದು ಚಮಚ ಶೇಂಗಾ ಚಟ್ನಿ ಕೀಬೋರ್ಡಿನ ಪಕ್ಕ ಬರುತ್ತಿತ್ತು, ಅಷ್ಟೆ.

ತೊಂದರೆ ಶುರುವಾದದ್ದು ಅಡಿಟಿಪ್ಪಣಿಗಳಿಂದ. ನನ್ನ ಪ್ರಬಂಧದಲ್ಲಿ ಅಡಿಟಿಪ್ಪಣಿಗಳೇ ಅರ್ಧ. ಇಲ್ಲಿ ಸರಿಯಾಗಿ ಕಾಣುತ್ತಿದ್ದ ಅವು ಗೈಡಿನ ಕಂಪ್ಯೂಟರಿನಲ್ಲಿ ತೆರೆದಾಗ ಒಂದರ ಮೇಲೊಂದು ಬಿದ್ದವು, ಕೆಲವು ಪುಟ ಹಾರಿದವು. ಗೈಡು ಹಾಳೆಗಳನ್ನು ಮೇಜಿನ ಮೇಲೆ ಸರಿಸಿ, "ಸರಿಯಾದ ತಂತ್ರಾಂಶದಲ್ಲಿ ಮಾಡಿಕೊಂಡು ಬಾ. ಈ ವಾರ ಕೊಡದಿದ್ದರೆ ಮುಂದಿನ ವರ್ಷ," ಅಂದರು. ಅಕ್ಕೋರಿಗೆ ಹೇಳಿದ್ದರೆ ಅವರು ಕೂತು ಸರಿಮಾಡುತ್ತಿದ್ದರೋ ಏನೋ. ಯಾವ ರೂಪದಲ್ಲಿ ಉಳಿಸಬೇಕು ಎಂಬುದಷ್ಟೇ ಪ್ರಶ್ನೆಯಾಗಿತ್ತು ಎಂದು ಆಮೇಲೆ ಕಲಿತೆ. ಆಗ ಹೇಳುವ ಧೈರ್ಯ ಆಗಲಿಲ್ಲ. ಅವರ ಮಾತಿನ ಮೇಲೆ ನನಗೂ ಒಳಗೊಳಗೇ ಅಪನಂಬಿಕೆ ಇತ್ತು... ಆ ಹುಡುಗಿಯ ತಾಯಿಗೆ ಇದ್ದಂಥದ್ದೇ.

ಹಾಸ್ಟೆಲಿನ ಗೆಳೆಯನಿಂದ ನಕಲು ಸಿ.ಡಿ. ಮಾಡಿಸಿಕೊಂಡೆ. ಹಾಸ್ಟೆಲಿನಲ್ಲಿ ಸಿ.ಡಿ. ಮೇಜಿನ ಮೇಲಿಟ್ಟರೆ ಮಾಯವಾಗುತ್ತಿತ್ತು. ಅದಕ್ಕೆ ನಾನು ನನ್ನ ಸಿ.ಡಿ.ಗಳ ಮೇಲೆಲ್ಲ ಕನ್ನಡದಲ್ಲಿ ಬರೆಯುತ್ತಿದ್ದೆ. ಆ ಊರಿನಲ್ಲಿ ಅದು ಬೀಗ ಹಾಕಿದ ಹಾಗೆ, ಯಾರಿಗೂ ಓದಲು ಬರುವುದಿಲ್ಲ. ಇದರ ಮೇಲೂ ಕಪ್ಪು ಪೆನ್ನಿನಲ್ಲಿ ‘ಆಫೀಸು’ ಎಂದು ಬರೆದೆ. ಅದರಂಥ ಮೂರ್ಖ ಜಾಣತನವನ್ನು ನಾನು ಜೀವನದಲ್ಲಿ ಮತ್ತೆ ಮಾಡಿಲ್ಲ.

ಅದೇ ವಾರ ಊರಿನಲ್ಲಿ ಸುದ್ದಿ. ಕಂಪ್ಯೂಟರ್ ಕ್ಲಾಸುಗಳನ್ನು ಯಾರೋ ತಪಾಸಣೆ ಮಾಡುತ್ತಿದ್ದಾರೆ, ಬಿಲ್ ಇಲ್ಲದ ತಂತ್ರಾಂಶ ಸಿಕ್ಕರೆ ಯಂತ್ರ ಎತ್ತಿಕೊಂಡು ಹೋಗುತ್ತಾರೆ, ಸ್ಟೇಷನ್ ಆಚೆಯ ಕ್ಲಾಸಿನವನ ಮೇಲೆ ಕೇಸಾಗಿದೆ. ನಿಜವೋ ಸುಳ್ಳೋ ತಿಳಿಯದು. ಹಾಸ್ಟೆಲಿನಲ್ಲಿ ಹುಡುಗರು ಸಿ.ಡಿ.ಗಳನ್ನು ಮುರಿದು ಕಸದ ಬುಟ್ಟಿಗೆ ಹಾಕಿದರು. ನಾನು ಮುರಿಯಲಿಲ್ಲ. ಅಧ್ಯಾಯ ಕೊಡುವುದಿತ್ತು.

ಆ ಮಧ್ಯಾಹ್ನ ಅಕ್ಕೋರು ಗಿರಣಿಗೆ ಹೊರಟರು. ಊರಿನಿಂದ ಬಂದ ಜೋಳ, ಸ್ಟೀಲಿನ ಡಬ್ಬಿ. "ಅರ್ಧಾ ತಾಸಿನಾಗ ಬರ್ತೀನಿ. ಯಾರರ ಬಂದ್ರ ಕುಂಡರಿಸು." ಯಜಮಾನರು ಡ್ಯೂಟಿಗೆ ಹೋಗಿದ್ದರು. ನಾನು ಇದಕ್ಕೇ ಕಾಯುತ್ತಿದ್ದೆ. ಅವರು ಇಲ್ಲದಾಗ ಮೂಲೆಯ ಯಂತ್ರಕ್ಕೆ ನಕಲು ತಂತ್ರಾಂಶ ಹಾಕಿ, ಅಡಿಟಿಪ್ಪಣಿ ಸರಿಮಾಡಿ, ಪ್ರಿಂಟು ತೆಗೆದು, ಮತ್ತೆ ಅಳಿಸಿಬಿಡುವುದು. ಪರವಾನಗಿ ಓದಿ ಅದನ್ನು ಹೊರಗೆ ಹಾಕಿದ ಮನೆಯೊಳಕ್ಕೆ ನಾನು ಅದನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದೆ. ಇಷ್ಟು ಖಚಿತ.

ಸಿ.ಡಿ.ಯನ್ನು ಒಳಗೆ ತಳ್ಳುವಷ್ಟರಲ್ಲಿ ಗೇಟಿನ ಸದ್ದಾಯಿತು. ಕಿಟಕಿಯಿಂದ ನೋಡಿದೆ. ಇಬ್ಬರು. ಕೊರಳಲ್ಲಿ ಗುರುತಿನ ಚೀಟಿ, ಒಬ್ಬನ ಕೈಯಲ್ಲಿ ಫೈಲು. ಗೇಟಿನ ಮೇಲಿನ ಬೋರ್ಡು ಓದುತ್ತಾ ನಿಂತಿದ್ದರು.

ಟ್ರೇ ಹೊರಗೆ ಬರಲು ಗುಂಡಿ ಒತ್ತಿದೆ. ಅದು ಕೊರ್ ಅಂದಿತು, ಬರಲಿಲ್ಲ. ಮತ್ತೆ ಒತ್ತಿದೆ. ಅವರ ಚಪ್ಪಲಿ ಮೆಟ್ಟಿಲ ಮೇಲೆ. ಟ್ರೇ ನಿಧಾನವಾಗಿ ಈಚೆ ಬಂತು, ಅಷ್ಟು ನಿಧಾನವಾಗಿ ಜಗತ್ತಿನಲ್ಲಿ ಯಾವುದೂ ಚಲಿಸುವುದನ್ನು ನಾನು ನೋಡಿಲ್ಲ. ಸಿ.ಡಿ. ಕೈಗೆ ಬಂತು. ಆಮೇಲೆ...

ಇಲ್ಲಿ ನನ್ನ ನೆನಪಿಗೆ ಎರಡು ಪ್ರತಿಗಳಿವೆ. ಒಂದರಲ್ಲಿ ನಾನು ಗಾಬರಿಯಲ್ಲಿ ಸಿ.ಡಿ.ಯನ್ನು ಕೈಗೆ ಸಿಕ್ಕಲ್ಲಿ ಇಟ್ಟೆ, ಆ ಜಾಗ ಅಕ್ಕೋರ ಲಕೋಟೆಗಳ ಶೆಲ್ಫ್ ಆಗಿತ್ತು. ಇನ್ನೊಂದರಲ್ಲಿ ನನ್ನ ಚೀಲ ಕಾಲ ಬಳಿಯೇ ಬಾಯಿ ತೆರೆದು ಬಿದ್ದಿತ್ತು, ಅದನ್ನು ನೋಡಿದೆ, ಚೀಲ ತಪಾಸಣೆ ಮಾಡಿದರೆ ಎಂದು ಯೋಚಿಸಿದೆ, ಯೋಚಿಸಿ, ಎರಡು ಹೆಜ್ಜೆ ನಡೆದು ಶೆಲ್ಫಿನಲ್ಲಿ ಇಟ್ಟೆ. ಹೆಂಡತಿಗೆ ಒಮ್ಮೆ ಈ ಕಥೆ ಹೇಳಿದಾಗ ಮೊದಲನೆಯದನ್ನು ಹೇಳಿದ್ದೆ. ಇನ್ನೊಮ್ಮೆ ಸಿ.ಡಿ. ವಿಷಯವನ್ನೇ ಹೇಳಲಿಲ್ಲ. ಮೂಲ ಪ್ರತಿ ಯಾವುದೆಂದು ಹೇಳಲು ಬೇರೆ ಸಾಕ್ಷಿ ಇಲ್ಲ. ಆದರೆ ಎರಡು ಹೆಜ್ಜೆ ನಡೆದದ್ದು ನನ್ನ ಕಾಲುಗಳಿಗೆ ನೆನಪಿದೆ.

ಒಳಗೆ ಬಂದವರು ಮರ್ಯಾದೆಯಿಂದಲೇ ಮಾತಾಡಿದರು. ಅದರಿಂದ ಇನ್ನೂ ಹೆದರಿಕೆಯಾಯಿತು. ಯಾವ ಕಡೆಯವರು ಎಂದು ಹೇಳಿದರು, ನನಗೆ ಕೇಳಿಸಲಿಲ್ಲ, ಇಂದಿಗೂ ಗೊತ್ತಿಲ್ಲ. ಫೈಲಿನವನು ಪರದೆ ನೋಡಿ, ಇದೇನು ತಂತ್ರಾಂಶ, ಬಿಲ್ ಇದೆಯೇ ಎಂದು ಕೇಳಿದ.

ನನಗೆ ಗೊತ್ತಿತ್ತು. ಇದು ಉಚಿತ, ಕಾನೂನುಬದ್ಧ, ಬಿಲ್ ಇರುವುದೇ ಇಲ್ಲ ಎಂದು ಹೇಳಬಹುದಿತ್ತು. ದಿನಾ ಕೇಳಿ ಕೇಳಿ ಬಾಯಿಪಾಠವಾದ ಮಾತು. ನನ್ನ ಬಾಯಿಂದ ಬಂದದ್ದು ಗುಜರಾತಿಯ ಮೂರು ಪದ: "ಮನೇ ಖಬರ್ ನಥೀ." ನನಗೆ ಗೊತ್ತಿಲ್ಲ. ನಾನು ಇಲ್ಲಿಯವನಲ್ಲ, ಟೈಪು ಮಾಡಲು ಬಂದವನು, ಬೆನ್ ಬರುತ್ತಾರೆ, ಅವರನ್ನೇ ಕೇಳಿ.

ಅವನು ಶೆಲ್ಫಿನ ಕಡೆ ಹೋದ. ಲಕೋಟೆಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಲಕೋಟೆಯಿಲ್ಲದ ಸಿ.ಡಿ. ಒಂದೇ ಇತ್ತು.

ಆಗ ಅಕ್ಕೋರು ಬಂದರು. ಸೊಂಟದ ಮೇಲೆ ಡಬ್ಬಿ, ಮೊಣಕೈವರೆಗೆ ಹಿಟ್ಟಿನ ಬಿಳುಪು. ಬಂದವರನ್ನು ನೋಡಿ ಹೆದರಲಿಲ್ಲ. ಡಬ್ಬಿ ಇಳಿಸಿ, "ಕುಂಡ್ರಸಿಲ್ಲಲ್ಲೋ ತಮ್ಮಾ," ಎಂದು ನನ್ನನ್ನೇ ಗದರಿಸಿದರು. ಅವರು ಬಿಲ್ ಕೇಳಿದರು. ಇವರು ಡ್ರಾಯರ್ ಎಳೆದು ಪರವಾನಗಿಯ ಪ್ರಿಂಟು ತೆಗೆದು ಮುಂದಿಟ್ಟರು, ಪ್ರತಿ ಸಾಲಿನ ಕೆಳಗೆ ಪೆನ್ಸಿಲ್ಲಿನ ಗೆರೆ. ಓದಿ, ಇದು ಎಲ್ಲರಿಗೂ ಮುಕ್ತ, ಎಂದರು. ಫೈಲಿನವನು ಹಾಳೆ ತಿರುಗಿಸಿ ನೋಡಿದ.

"ಬೆನ್, ಇದನ್ನು ನೀವೇ ಟೈಪು ಮಾಡಿದ ಹಾಗಿದೆ. ಸಿಕ್ಕಾ ಎಲ್ಲಿದೆ?"

ಸಿಕ್ಕಾ, ಅಂದರೆ ಮೊಹರು. ಮೊಹರಿಲ್ಲದ ಕಾಗದ ಕಾಗದವೇ ಅಲ್ಲ. ಸೂರತ್‌ನ ಪತ್ರಗಳಲ್ಲಿ ನಾನು ಕೂಡ ಮೊದಲು ಹುಡುಕುತ್ತಿದ್ದುದು ಅದನ್ನೇ.

"ಬಿಟ್ಟಿ ಕೊಡೋರು ಮೊಹರು ಯಾಕೆ ಹಾಕುತ್ತಾರೆ, ಭಾಯಿ? ದೇವಸ್ಥಾನದ ಪ್ರಸಾದಕ್ಕೆ ರಸೀದಿ ಕೇಳುತ್ತೀರಾ?" ಎಂದು ಅಕ್ಕೋರು ಗುಜರಾತಿಯಲ್ಲಿ ಕೇಳಿದರು. ಎರಡನೆಯವನು ನಕ್ಕ. ಒಂದು ಗಳಿಗೆ, ಒಂದೇ ಗಳಿಗೆ, ಎಲ್ಲ ಮುಗಿದುಹೋಗುತ್ತದೆ ಅನ್ನಿಸಿತು.

ಆಗ ಫೈಲಿನವನು ಸಿ.ಡಿ.ಯನ್ನು ಎತ್ತಿ ಹಿಡಿದ. "ಆ ಸೀಡೀ ಕೋನೀ ಛೇ?" ಈ ಸಿ.ಡಿ. ಯಾರದು?

ನಾನು ತಲೆ ತಗ್ಗಿಸಿದೆ. ಅವನು ಅದನ್ನು ಮೂಲೆಯ ಯಂತ್ರಕ್ಕೆ ಹಾಕಿದ. ಒಳಗೇನಿದೆ ಎಂದು ಪರದೆಯ ಮೇಲೆ ಬಂತು, ದುಬಾರಿ ತಂತ್ರಾಂಶದ ಹೆಸರು, ದೊಡ್ಡ ಅಕ್ಷರದಲ್ಲಿ. ಅವನು ಸಿ.ಡಿ. ಹೊರಗೆ ತೆಗೆದು, ಮೇಲಿನ ಕಪ್ಪು ಅಕ್ಷರವನ್ನು ಬೆರಳಿನಿಂದ ತೋರಿಸಿ, ಶೆಲ್ಫಿನ ಲಕೋಟೆಯೊಂದನ್ನು ಅದರ ಪಕ್ಕ ಹಿಡಿದ. ಎರಡೂ ಕನ್ನಡ.

"ಇದು ನಿಮ್ಮ ಭಾಷೆಯಲ್ಲವೇ, ಬೆನ್?"

ಅಕ್ಕೋರು ಸಿ.ಡಿ.ಯನ್ನು ಕೈಗೆ ತೆಗೆದುಕೊಂಡರು. ಅಂಚಿಗೆ ಹಿಟ್ಟು ಹತ್ತಿತು. ಓದಿದರು. ನನ್ನ ಕೈಬರಹ ಅವರಿಗೆ ಗೊತ್ತಿತ್ತು. ಮೂರು ಅಧ್ಯಾಯದ ಕರಡು ಅವರ ಮೇಜಿನ ಮೇಲೇ ಬಿದ್ದಿರುತ್ತಿತ್ತು. ಅವರು ನನ್ನ ಕಡೆ ನೋಡಿದರೇ? ಇದೊಂದನ್ನು ನಾನು ಸಾವಿರ ಸಲ ಕೇಳಿಕೊಂಡಿದ್ದೇನೆ. ಒಮ್ಮೊಮ್ಮೆ ನೋಡಿದರು ಅನ್ನಿಸುತ್ತದೆ. ನಾನು ನೆಲ ನೋಡುತ್ತಿದ್ದೆ, ಹಾಗಾಗಿ ನನಗೆ ತಿಳಿಯುವ ದಾರಿಯೇ ಇರಲಿಲ್ಲ.

"ಹಾ," ಅಂದರು. "ಭಾಷಾ ಅಮಾರೀ ಛೇ." ಹೌದು, ಭಾಷೆ ನಮ್ಮದು.

ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಫೈಲಿನವನಿಗೆ ಅಷ್ಟು ಸಾಕಾಯಿತು. ಬರೆದುಕೊಂಡ. ಒಂದು ಹಾಳೆಗೆ ಅವರ ಸಹಿ ತೆಗೆದುಕೊಂಡ. ಆರೂ ಕಂಪ್ಯೂಟರಿನ ಡಬ್ಬಗಳನ್ನು ಬಿಚ್ಚಿ, ಶೆಲ್ಫಿನ ಸಿ.ಡಿ.ಗಳ ಸಮೇತ ಟೆಂಪೋದಲ್ಲಿ ಹಾಕಿದರು. ನಾಲ್ಕು ಗಂಟೆಯ ಬ್ಯಾಚಿನ ಹುಡುಗಿಯರು ಗೇಟಿನ ಹೊರಗೆ ನಿಂತು ನೋಡುತ್ತಿದ್ದರು. ಎದುರು ಮನೆಯ ಬಾಲ್ಕನಿಯಲ್ಲಿ ಜನ. ಅಕ್ಕೋರು ಟೆಂಪೋ ಹಿಂದೆ ಎರಡು ಹೆಜ್ಜೆ ಹೋಗಿ, "ಜ್ವಾಕಿ, ಅದರಾಗ ಹುಡುಗ್ರ ಕೆಲಸ ಅದ," ಎಂದು ಕನ್ನಡದಲ್ಲೇ ಕೂಗಿದರು.

ನಾನು ಆ ಸಂಜೆಯ ರೈಲಿಗೇ ಸೂರತ್‌ಗೆ ಹೋದೆ. ಪತ್ರಗಳ ಕೆಲಸ ಇದೆ ಎಂದು ಎಲ್ಲರಿಗೂ ಹೇಳಿದೆ. ಮೂರು ವಾರ ಸ್ಟೇಷನ್ ಎದುರಿನ ಒಂದು ಲಾಡ್ಜಿನಲ್ಲಿದ್ದೆ. ಬಾಗಿಲು ಬಡಿದರೆ ಚಹಾದವನು ಎಂದು ಗೊತ್ತಿದ್ದರೂ ತಕ್ಷಣ ತೆರೆಯುತ್ತಿರಲಿಲ್ಲ. ದಾರಿಯಲ್ಲಿ ಯಾರ ಕೈಯಲ್ಲಾದರೂ ಫೈಲು ಕಂಡರೆ ಅಂಗಡಿಯೊಳಗೆ ನುಗ್ಗುತ್ತಿದ್ದೆ. ಸಿ.ಡಿ. ಮೇಲಿನ ಅಕ್ಷರವನ್ನು ಯಾರಾದರೂ ನನ್ನ ಅಕ್ಷರದ ಜೊತೆ ಇಟ್ಟು ನೋಡಿದರೆ? ಅಕ್ಕೋರು ಹೇಳಿಬಿಟ್ಟರೆ? ಇಷ್ಟು ಹೆದರಿದೆನಲ್ಲ, ಆ ಮೂರು ವಾರದಲ್ಲಿ ನಾನು ಹೆದರಿದ್ದು ನನಗಾಗಿ ಮಾತ್ರ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದೂ ಖಚಿತವಾದ ಸಂಗತಿಗಳ ಪಟ್ಟಿಯಲ್ಲೇ ಇದೆ.

ಹಿಂದಿರುಗಿದಾಗ ಡಬ್ಬಗಳು ವಾಪಸ್ ಬಂದಿದ್ದವು. ಆರರಲ್ಲಿ ಒಂದರಲ್ಲೂ ಕದ್ದ ತಂತ್ರಾಂಶ ಸಿಕ್ಕಿರಲಿಲ್ಲ. ಬರೀ ಒಂದು ಸಿ.ಡಿ.ಗಾಗಿ ಕೇಸೂ ಹಾಕಿರಲಿಲ್ಲ. ಎಲ್ಲವನ್ನೂ, ಸಿ.ಡಿ.ಗಳನ್ನು ತುಂಬಿದ ಒಂದು ರಟ್ಟಿನ ಪೆಟ್ಟಿಗೆಯ ಜೊತೆ, ಗೇಟಿನಲ್ಲಿ ಇಳಿಸಿ ಹೋಗಿದ್ದರಂತೆ. ಆದರೆ ಹುಡುಗಿಯರು ವಾಪಸ್ ಬಂದಿರಲಿಲ್ಲ. ‘ಡುಪ್ಲಿಕೇಟ್ ಬೆನ್’ ಎಂಬ ಹೆಸರು ಸೊಸೈಟಿಯಿಂದ ಸೊಸೈಟಿಗೆ ಹೋಗಿತ್ತು. ಅಸಲಿ ಬೇಡ, ನಕಲಿಯೂ ಬೇಡ ಎಂದು ಕೂತಿದ್ದ ಒಬ್ಬಳೇ ಹೆಂಗಸಿಗೆ ಊರು ಕೊಟ್ಟ ಹೆಸರು ಅದು. ಗೋಡೆಯ ಚಾರ್ಟು ಇಳಿಸಿ ಸುತ್ತಿಟ್ಟಿದ್ದರು. ಯಜಮಾನರು ಅಹಮದಾಬಾದಿಗೆ ವರ್ಗ ಕೇಳಿದ್ದರು, ಅಲ್ಲಿನ ಮಣಿನಗರದಲ್ಲಿ ಮನೆ ನೋಡಿ ಆಗಿತ್ತು.

ನಾನು ಹತ್ತು ನಿಮಿಷ ನಿಂತೆ, ಅಷ್ಟೆ. ಬೆಂಚುಗಳನ್ನು ಹೊರುವವರು ಓಡಾಡುತ್ತಿದ್ದರು. ಹೇಳಬೇಕೆಂದು ಬಂದದ್ದನ್ನು ಇನ್ನೂ ಹೇಳಿರಲಿಲ್ಲ. ಅಕ್ಕೋರೇ ಕೇಳಿದರು, "ಅಧ್ಯಾಯ ಕೊಟ್ಟೇನು?" ಇಲ್ಲ ಅಂದೆ. "ಕೊಡು. ಅದಕ್ಕೊಂದ್ ಉಪಾಯ ಅದ, ಉಳಿಸೂ ಮುಂದ ಕೆಳಗಿನ ಪಟ್ಟಿಯೊಳಗ ಹಳೇ ನಮೂನಿ ಆರಿಸ್ಕೊ. ಟಿಪ್ಪಣಿ ಅಲುಗಾಡಂಗಿಲ್ಲ." ಅಡಿಟಿಪ್ಪಣಿಯ ತೊಂದರೆಯನ್ನು ನಾನು ಅವರಿಗೆ ಎಂದೂ ಹೇಳಿರಲಿಲ್ಲ ಎಂದೇ ನನ್ನ ನೆನಪು.

ಹೊರಡುವಾಗ ಒಂದು ಲಕೋಟೆ ಕೈಗೆ ಕೊಟ್ಟರು. ಎಲ್ಲರಿಗೂ ಕೊಡುವಂಥದ್ದೇ.

"ತಗೋ ತಮ್ಮಾ. ಇದು ನಿಂದು. ಹೆದರಬ್ಯಾಡ."

ಕೋರ್ಸು ಮುಗಿಸಿದವರ ಉಡುಗೊರೆ ಎಂದುಕೊಂಡೆ. ತೆರೆದು ನೋಡುವ ಮನಸ್ಸಾಗಲಿಲ್ಲ. ಪೆಟ್ಟಿಗೆಯ ತಳ ಸೇರಿತು, ಪೆಟ್ಟಿಗೆ ನನ್ನ ಜೊತೆ ಊರು, ಮನೆ ಬದಲಿಸಿತು. ಅಧ್ಯಾಯವನ್ನು ಅವರು ಹೇಳಿದ ಹಾಗೇ ಉಳಿಸಿ ಮುಂದಿನ ವರ್ಷ ಕೊಟ್ಟೆ. ಅಡಿಟಿಪ್ಪಣಿಗಳು ಅಲುಗಾಡಲಿಲ್ಲ.

ಆಮೇಲೆ ನನಗೂ ಅಹಮದಾಬಾದಿನಲ್ಲೇ ಕೆಲಸ ಸಿಕ್ಕಿತು. ಹದಿನೇಳು ವರ್ಷದಿಂದ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿದ್ದೇನೆ. ಮಣಿನಗರ ಎಷ್ಟು ದೂರ? ಆಟೋ ಹತ್ತಿದರೆ ಮುಕ್ಕಾಲು ಗಂಟೆ. ನಾನು ಹೋಗಲಿಲ್ಲ. ಆ ಸ್ಟೇಷನ್ನಿನಲ್ಲಿ ಇಳಿಯಬೇಕಾದ ಕೆಲಸವಿದ್ದಾಗಲೂ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹಿಂದಕ್ಕೆ ಬಂದಿದ್ದೇನೆ. ಎರಡು ವರ್ಷದ ಹಿಂದೆ ಇಲ್ಲಿನ ಕನ್ನಡಿಗರು ಯುಗಾದಿಗೆ ಸೇರಿದ್ದಾಗ, ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು, ಯಾರೋ ಅಕ್ಕೋರ ಬಗ್ಗೆ ಕೇಳಿದ್ದಕ್ಕೆ, ಒಬ್ಬಟ್ಟು ತಿನ್ನುತ್ತಾ ಹೇಳಿದರು, "ಅವ್ರೇನ್ರೀ, ಟೈಪಿಂಗ್ ಅಕ್ಕೋರು? ತೀರಿಕೊಂಡು ಒಂದ್ ವರ್ಸಾತು. ಮಣಿನಗರಕ್ಕ ಬಂದ ಮ್ಯಾಲ ಮತ್ತ ಕ್ಲಾಸ್ ತಗೀಲಿಲ್ಲ ನೋಡ್ರಿ. ಕೇಳಿದ್ರ ನಗತಿದ್ರು." ಯಾಕೆ ತೆಗೆಯಲಿಲ್ಲ ಎಂದು ಅವರು ನನ್ನನ್ನೇ ಕೇಳಿದ ಹಾಗೆ ನನಗೆ ಅನ್ನಿಸಿತು. ಅವರು ಕೇಳಿರಲಿಕ್ಕಿಲ್ಲ. ನಾನು ತಟ್ಟೆ ಇಟ್ಟು ಎದ್ದುಬಂದೆ.

ಈಗ ಲಕೋಟೆ ನನ್ನ ತೊಡೆಯ ಮೇಲಿತ್ತು. ಲ್ಯಾಪ್‌ಟಾಪಿನಲ್ಲಿ ಉಚಿತ ತಂತ್ರಾಂಶ ತಾನಾಗಿಯೇ ಇಳಿಯುತ್ತಿತ್ತು, ನೀಲಿ ಗೆರೆ ಎಡದಿಂದ ಬಲಕ್ಕೆ ತುಂಬುತ್ತಿತ್ತು. ಸಿ.ಡಿ.ಯ ಅವಶ್ಯಕತೆಯೇ ಇಲ್ಲ; ಈ ಲ್ಯಾಪ್‌ಟಾಪಿಗೆ ಅದನ್ನು ಹಾಕುವ ಜಾಗವೂ ಇಲ್ಲ. ಸುಮ್ಮನೆ ನೋಡೋಣ ಎಂದು ಗೋಂದು ಬಿಡಿಸಿದೆ. ಒಣಗಿದ ಕಾಗದ ಉದ್ದಕ್ಕೂ ಹರಿಯಿತು. ಒಳಮೈಯಲ್ಲಿ ಯಾವಳೋ ಹುಡುಗಿ ತಪ್ಪು ತಪ್ಪಾಗಿ ಟೈಪು ಮಾಡಿದ ಸಾಲು: ಬೇರೆಯವರಿಗೆ ಕೊಡಬಹುದು, ಬೇರೆಯವರಿಗೆ ಕೊಡಬಹುದು...

ಸಿ.ಡಿ. ಜಾರಿ ನೆಲಕ್ಕೆ ಬಿತ್ತು. ಮೇಲೆ ಕಪ್ಪು ಪೆನ್ನಿನಲ್ಲಿ ‘ಆಫೀಸು’ ಎಂದಿತ್ತು. ನನ್ನ ಅಕ್ಷರ.

ಅವರು ನನ್ನ ಕಡೆ ನೋಡಿದರೋ ಇಲ್ಲವೋ ಎಂಬ ಪ್ರಶ್ನೆಗೆ ಬೇರೆ ಸಾಕ್ಷಿ ಇಲ್ಲ ಎಂದು ಇಪ್ಪತ್ತು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಸಾಕ್ಷಿ ನನ್ನದೇ ಪೆಟ್ಟಿಗೆಯಲ್ಲಿತ್ತು. ರಟ್ಟಿನ ಪೆಟ್ಟಿಗೆಯಿಂದ ಅದನ್ನು ಆರಿಸಿ ತೆಗೆದು, ಲಕೋಟೆ ಮಡಚಿ, ಗೋಂದು ಹಚ್ಚಿ, ಮೇಲೆ ತಮ್ಮ ಜೋಕು ಬರೆದು, ನಿಂದು ಎಂದು ಹೇಳಿಯೇ ಕೊಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ. ಹೆದರಬ್ಯಾಡ ಅಂದಿದ್ದರು. ಆದರೆ ನನಗೆ ಈಗ ಆದದ್ದು ಹೆದರಿಕೆಯೇ, ಆ ಮಧ್ಯಾಹ್ನದ್ದಕ್ಕಿಂತ ದೊಡ್ಡದು. ಆಗ ಸಿಕ್ಕಿಬೀಳುತ್ತೇನೆಂದು ಹೆದರಿದ್ದೆ. ಸಿಕ್ಕಿಬಿದ್ದು ಇಪ್ಪತ್ತು ವರ್ಷವಾಗಿತ್ತು.

ಮಗಳು ಟ್ಯೂಷನ್ನಿನಿಂದ ಬಂದಳು. ಹತ್ತನೆಯ ತರಗತಿ, ಇಲ್ಲೇ ಹುಟ್ಟಿ ಬೆಳೆದವಳು, ಅಜ್ಜಿಯ ಹತ್ತಿರ ಕನ್ನಡ ಆಡುತ್ತಾಳೆ, ಅಕ್ಷರ ಬರುವುದಿಲ್ಲ. ಹರಡಿದ ಪುಸ್ತಕಗಳನ್ನು ದಾಟಿ, ಬಗ್ಗಿ, ನೆಲದ ಮೇಲಿನ ಸಿ.ಡಿ. ಎತ್ತಿಕೊಂಡಳು. ಕನ್ನಡಿಯಂತೆ ತಿರುಗಿಸಿ ತನ್ನ ಮುಖ ನೋಡಿಕೊಂಡಳು. ಅಂಚಿನಲ್ಲಿದ್ದ ಏನೋ ಬಿಳಿಯ ಕಲೆಯನ್ನು ಉಗುರಿನಿಂದ ಕೆರೆದಳು. ಆಮೇಲೆ ಕಪ್ಪು ಅಕ್ಷರದ ಮೇಲೆ ಬೆರಳಿಟ್ಟು, ಅವಳಿಗೆ ಸಲೀಸಾದ ಭಾಷೆಯಲ್ಲಿ ಕೇಳಿದಳು.

"ಪಪ್ಪಾ, ಆ ಸೀಡೀ ಕೋನೀ ಛೇ?"

ನನ್ನ ನಾಲಿಗೆ ಮೇಲೆದ್ದದ್ದು ಹಳೆಯ ಮೂರು ಪದಗಳಿಗೇ. ಖಬರ್ ನಥೀ ಎಂದರೆ ಅವಳು ಅದನ್ನು ಕಸದ ಬುಟ್ಟಿಗೆ ಹಾಕುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ನೀಲಿ ಗೆರೆ ತುಂಬಿ ನಿಂತಿತ್ತು.

"ನಂದು," ಅಂದೆ. ಕನ್ನಡದಲ್ಲೇ.

"ಏನು ಬರ್ದಿದೆ?"

ಓದಿ ಹೇಳಿದೆ. ಅವಳು "ಬಸ್, ಇಷ್ಟೇನಾ?" ಎಂದು ಸಿ.ಡಿ.ಯನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಹೋದಳು. ನಾನು ಹರಿದ ಲಕೋಟೆಯನ್ನು ಅದರ ಹಳೆಯ ಮಡಿಕೆಗಳ ಮೇಲೇ ಮತ್ತೆ ಮಡಚಲು ನೋಡಿದೆ. ಮಡಿಕೆಗಳು ಗೊತ್ತಾಗುತ್ತಿದ್ದವು. ಕಾಗದ ತಾಳಲಿಲ್ಲ.